ಆಂಜಿಯೋಗ್ರಾಂ ನಾರ್ಮಲ್ ಅಂದ್ಮೇಲೆ ಇನ್ನೇನು ಕಾಯಿಲೆ?

ಮದುವೆ ಮನೆಯಲ್ಲಿ, ಬಸ್ಸಲ್ಲಿ, ವಾಟ್ಸಾಪಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ. "ಆಂಜಿಯೋಗ್ರಾಂ ನಾರ್ಮಲ್ ಬಂತಂತಲ್ಲ, ಇನ್ನೂ ಯಾಕೆ ಮಾತ್ರೆ ನುಂಗ್ತೀಯ?" ಕೇಳುವ ಧಾಟಿಯಲ್ಲಿ ಚೂರು ಅನುಮಾನವೂ ಇರುತ್ತದೆ. ಇವಳದ್ದು ಸುಮ್ನೆ ನಾಟಕವಾ ಅಂತ.

ಅವರದ್ದೇನೂ ತಪ್ಪಿಲ್ಲ ಬಿಡಿ. ಮೊದಲು ನೋಡಿದ ಡಾಕ್ಟರೇ "ರಕ್ತನಾಳ ಕ್ಲೀನಾಗಿದೆ, ಇದು ಗ್ಯಾಸು" ಎಂದು ಕಳಿಸಿದ್ದರು. ಎರಡು ವರ್ಷ ಗ್ಯಾಸಿನ ಮಾತ್ರೆ ತಿಂದೆ. ಮೆಟ್ಟಿಲು ಹತ್ತಿದರೆ ಎದೆ ಹಿಂಡುವುದು ನಿಲ್ಲಲಿಲ್ಲ.

ನಾನು ಮಂಡ್ಯದ ಕಡೆಯವಳು, ನಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ವಿಶ್ವೇಶ್ವರಯ್ಯ ನಾಲೆ ತುಂಬಿ ಹರಿದರೂ ಕೊನೇ ಭಾಗದ ಗದ್ದೆ ಒಣಗುವುದುಂಟು, ಅಲ್ವಾ? ಆಂಜಿಯೋಗ್ರಾಂ ತೋರಿಸುವುದು ದೊಡ್ಡ ನಾಲೆಯನ್ನು. ಅರ್ಧ ಮಿಲಿಮೀಟರಿಗಿಂತ ಸಣ್ಣ ನಾಳಗಳು ಅದರಲ್ಲಿ ಕಾಣುವುದೇ ಇಲ್ಲ. ಆದರೆ ಹೃದಯದ ಮಾಂಸಕ್ಕೆ ಎಷ್ಟು ರಕ್ತ ಬಿಡಬೇಕು ಅನ್ನುವ ತೂಬು ಇರುವುದು ಅಲ್ಲೇ. ಓಡಿದಾಗ, ಹತ್ತಿದಾಗ ಅವು ಅಗಲವಾಗಬೇಕು. ಆಗದಿದ್ದರೆ ನೋವು. ಹೀಗೆ ನರಳುವವರಲ್ಲಿ ಹೆಂಗಸರೇ ಜಾಸ್ತಿ. ಅಮೆರಿಕದಲ್ಲಿ 1996ರಲ್ಲಿ ಶುರುವಾದ 'ವೈಸ್' ಅಧ್ಯಯನ ಹೆಂಗಸರ ಎದೆನೋವನ್ನೇ ಹಿಡಿದು ಕೂತಿತು.

ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ಸ್ಕಾಟ್ಲೆಂಡಿನ ಅಧ್ಯಯನ. 2018ರಲ್ಲಿ ಪ್ರಕಟವಾಯಿತು, ಹೆಸರು 'ಕಾರ್ಮೈಕಾ'. ಗ್ಲಾಸ್ಗೋದ ಕಾಲಿನ್ ಬೆರ್ರಿ ಅವರ ತಂಡದ್ದು. ಎದೆನೋವಿದ್ದು, ದೊಡ್ಡ ನಾಳದಲ್ಲಿ ಅಡ್ಡಿ ಇಲ್ಲದ 151 ಜನರನ್ನು ಆರಿಸಿಕೊಂಡರು. ನಾಳದೊಳಗೆ ತೆಳು ತಂತಿ ತೂರಿಸಿ, ನಾಳ ಅಗಲಿಸುವ ಅಡೆನೊಸಿನ್ ಔಷಧಿ ಕೊಟ್ಟು ಹರಿವು ಎಷ್ಟು ಏರುತ್ತದೆ ಅಂತ ಅಳೆದರು. ಆಮೇಲೆ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಬಿಟ್ಟು ನಾಳ ಸೆಟೆದುಕೊಳ್ಳುತ್ತದಾ ಅಂತ ನೋಡಿದರು. ಹೃದಯಕ್ಕೆ ಸಂಬಂಧವಿಲ್ಲದ ನೋವು ಅಂತ ತೀರ್ಮಾನವಾಗಿದ್ದು 17 ಜನರದ್ದು ಮಾತ್ರ!

ಪರೀಕ್ಷೆ ಎಲ್ಲರಿಗೂ ಆಯಿತು. ಆದರೆ ಸುಮಾರು ಅರ್ಧದಷ್ಟು ಜನರ ಫಲಿತಾಂಶವನ್ನಷ್ಟೇ ಅವರ ಡಾಕ್ಟರಿಗೆ ಕೊಟ್ಟರು. ಉಳಿದವರದ್ದನ್ನು ಮುಚ್ಚಿಟ್ಟರು. ಆರು ತಿಂಗಳಿಗೆ ನೋಡಿದರೆ, ಫಲಿತಾಂಶ ಬಿಚ್ಚಿದವರ ನೋವು ಉಳಿದವರಿಗಿಂತ ಚೆನ್ನಾಗಿ ತಗ್ಗಿತ್ತು. ಹೊಸ ಔಷಧಿ ಯಾವುದೂ ಅಲ್ಲ, ಹಳೇ ಮಾತ್ರೆಗಳೇ. ಯಾರಿಗೆ ಯಾವುದು ಅಂತ ಗೊತ್ತಾಯಿತು, ಅಷ್ಟೇ. ಸಣ್ಣ ನಾಳದ ತೊಂದರೆಗೆ ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಒಗ್ಗುತ್ತದೆ. ನಾಳ ಸೆಟೆದುಕೊಳ್ಳುವವರಿಗೆ ಅದೇ ಮಾತ್ರೆ ಕಾಟ ಹೆಚ್ಚಿಸಬಹುದು. ಅವರಿಗೆ ನಾಳ ಸಡಿಲಿಸುವ ಕ್ಯಾಲ್ಸಿಯಂ ಚಾನಲ್ ಬ್ಲಾಕರ್ ಬೇಕು.

ಆ ಮುಚ್ಚಿಟ್ಟ ಗುಂಪಿನವರು ನನಗೆ ಆಗಾಗ ನೆನಪಾಗುತ್ತಾರೆ. ಯಾವ ಅಧ್ಯಯನಕ್ಕೂ ಸೇರದೆ ನಾನೂ ಎರಡು ವರ್ಷ ಅವರ ಜೊತೆಗೇ ಇದ್ದೆನಲ್ಲ. ಕೊನೆಗೆ ಬೇರೊಬ್ಬ ಡಾಕ್ಟರು ಇದೇ ತಂತಿ ಪರೀಕ್ಷೆ ಮಾಡಿಸಿದರು. ಸಣ್ಣ ನಾಳವೇ ಅಂತ ಗೊತ್ತಾದ ದಿನ ಅತ್ತುಬಿಟ್ಟೆ, ಖುಷಿಗೆ.

ಹಾಗಂತ ಎಲ್ಲ ಸಲೀಸಾಗಿಲ್ಲ. ಝಿಬೊಟೆಂಟಾನ್ ಅನ್ನುವ ಔಷಧಿಯನ್ನು ಬ್ರಿಟನ್ನಿನಲ್ಲಿ ಇದಕ್ಕೇ ಪರೀಕ್ಷಿಸಿದರು. ಅದನ್ನು ನುಂಗಿದರೂ ರೋಗಿಗಳು ಟ್ರೆಡ್‌ಮಿಲ್ ಮೇಲೆ ಜಾಸ್ತಿ ಹೊತ್ತು ನಡೆಯಲಿಲ್ಲ. 2024ರಲ್ಲಿ ಆ ಸುದ್ದಿ ಓದಿ ಪೆಚ್ಚಾದೆ. ನನಗೂ ಈಗ ನೋವು ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ.

ಮೊನ್ನೆ ನಾಮಕರಣದಲ್ಲಿ ಅತ್ತಿಗೆ ಮತ್ತೆ ಅದೇ ಪ್ರಶ್ನೆ ಎತ್ತಿದರು. "ನಾಲೆ ಸರಿ ಇದೆ ಅತ್ತಿಗೆ, ತೂಬು ಕೆಟ್ಟಿದೆ" ಅಂದೆ.

"ಹಾಗಾದ್ರೆ ಒಂದು ಸ್ಟೆಂಟ್ ಹಾಕಿಸ್ಕೊಳ್ಳೆ."

ಕೂದಲಿನಷ್ಟು ಸಣ್ಣ ನಾಳಕ್ಕೆ ಸ್ಟೆಂಟ್ ಹೋಗಲ್ಲ ಅಂತ ವಿವರಿಸುವಷ್ಟರಲ್ಲಿ ಪಂಕ್ತಿಗೆ ಎಲೆ ಹಾಕಿಬಿಟ್ಟರು.