ಬಿಳಿ ರಕ್ತಕಣ ಹೆಚ್ಚಾಗಲು ಏನು ತಿನ್ನಬೇಕು?

ಹಾಸನದ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ನಾನು ತಂತ್ರಜ್ಞೆ. ಲೂಪಸ್ (ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇರುವವರು ವರದಿ ಕೈಗೆ ಬಂದ ಕೂಡಲೇ ಕಿಟಕಿಯ ಬಳಿ ನಿಂತು ಕೇಳುವುದು ಒಂದೇ ಮಾತು: "ಮೇಡಂ, ಬಿಳಿ ರಕ್ತಕಣ ಕಡಿಮೆ ಬಂದಿದೆಯಲ್ಲ, ಹೆಚ್ಚಾಗಲು ಏನು ತಿನ್ನಬೇಕು?" ಹಿಂದೆ ಸಾಲು ನಿಂತಿರುವಾಗ ಇದಕ್ಕೆ ಸಮಾಧಾನವಾಗಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನುಗ್ಗೆಸೊಪ್ಪು, ದಾಳಿಂಬೆ ತಿನ್ನಿ, ಒಳ್ಳೆಯದೇ. ಆದರೆ ಲೂಪಸ್‌ನಲ್ಲಿ ಕಣಗಳು ಕಡಿಮೆಯಾಗುವುದು ಊಟ ಸಾಲದೆ ಅಲ್ಲ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ತನ್ನ ಬಿಳಿ ಕಣಗಳ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅದು ಮೊದಲೇ ಕೆರಳಿರುವಾಗ "ಶಕ್ತಿ ಬರಲಿ" ಎಂದು ಅಮೃತಬಳ್ಳಿ ಕಷಾಯ ಕುಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ.

ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಕಣ ಕಡಿಮೆಯಾಗಿದೆ, ಎಂದಿನಿಂದ?

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದಿಂದ ಒಬ್ಬ ಮಹಿಳೆ ಬಂದಿದ್ದರು. ಹಳೆಯ ವರದಿಗಳನ್ನೆಲ್ಲ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೆರಗಿನೊಳಗೆ ಇಟ್ಟುಕೊಂಡಿದ್ದರು. ಅಂದಿನ ಬಿಳಿ ಕಣಗಳ ಒಟ್ಟು ಎಣಿಕೆ, ಒಂದು ಮೈಕ್ರೋಲೀಟರ್ ರಕ್ತದಲ್ಲಿ, 3,200. ಸಾಮಾನ್ಯವಾಗಿ 4,000ದಿಂದ 11,000 ಇರಬೇಕು. ಅವರ ಮುಖ ಬಾಡಿತ್ತು. ಯಂತ್ರ ಕೊಟ್ಟ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಲು ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೂರು ಬಿಳಿ ಕಣ ಎಣಿಸಿದೆ. ಬಿಳಿ ಕಣಗಳಲ್ಲಿ ಒಂದು ಬಗೆಯಾದ ನ್ಯೂಟ್ರೋಫಿಲ್‌ನ ನಡುವೆ ಮೂರು ನಾಲ್ಕು ನೇರಳೆ ಎಸಳುಗಳು ಕಾಣುತ್ತವೆ. ಇನ್ನೊಂದು ಬಗೆಯಾದ ಲಿಂಫೋಸೈಟ್‌ನಲ್ಲಿ ಒಂದೇ ಗುಂಡು, ಹೆಚ್ಚುಕಡಿಮೆ ಕಣವನ್ನೆಲ್ಲ ತುಂಬಿಕೊಂಡು. ಮೊದಲನೆಯವು 62, ಎರಡನೆಯವು 28 ಸಿಕ್ಕವು. ಅಂದರೆ ಒಟ್ಟು 3,200ರಲ್ಲಿ ನ್ಯೂಟ್ರೋಫಿಲ್ 1,984, ಲಿಂಫೋಸೈಟ್ 896.

ಬ್ಯಾಕ್ಟೀರಿಯಾ ಸೋಂಕನ್ನು ತಡೆಯುವ ಮುಂಚೂಣಿ ಕಣ ನ್ಯೂಟ್ರೋಫಿಲ್. ಅದು 1,500ಕ್ಕಿಂತ ಮೇಲಿದ್ದರೆ ಆತಂಕ ಕಡಿಮೆ. 500ಕ್ಕಿಂತ ಕೆಳಗಿಳಿದರೆ ನಿಜವಾದ ಅಪಾಯ. ಲಿಂಫೋಸೈಟ್ ಕುಸಿಯುವುದು ಲೂಪಸ್‌ನಲ್ಲಿ ತೀರಾ ಸಾಮಾನ್ಯ. ಅವರ ಮೂರು ವರ್ಷದ ವರದಿಗಳನ್ನು ಮೇಜಿನ ಮೇಲೆ ಹರಡಿದೆ: 3,400, 3,100, 3,300. "ಹಾಗಾದರೆ ನನ್ನ ಮಟ್ಟವೇ ಇಷ್ಟು ಅನ್ನಿ" ಎಂದರು. ತೀರ್ಮಾನ ವೈದ್ಯರದು, ಗುಣಿಸಿ ತೋರಿಸುವುದಷ್ಟೇ ನನ್ನ ಕೆಲಸ. ಆದರೂ ಅವರ ಉಸಿರು ಹಗುರಾದದ್ದು ನನಗೆ ಕೇಳಿಸಿತು.

ಡೆಂಗಿ ಜ್ವರದಲ್ಲೂ ಬಿಳಿ ಕಣ ಇಳಿಯುತ್ತದೆ, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ. ಲೂಪಸ್‌ನ ಇಳಿತ ತಿಂಗಳುಗಟ್ಟಲೆ ನಿಲ್ಲಬಹುದು. ಹಳೆಯ ವರದಿ ಎಸೆಯಬೇಡಿ ಎಂದು ನಾನು ಗೋಗರೆಯುವುದು ಇದಕ್ಕೇ.

ಮಾತ್ರೆಗಳ ಪಾಲೂ ಇದೆ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಂಡಾಗ ನ್ಯೂಟ್ರೋಫಿಲ್ ಹೆಚ್ಚಿ ಒಟ್ಟು ಎಣಿಕೆ ಏರುತ್ತದೆ. ಎಷ್ಟೋ ಜನ ಅದನ್ನು ನೋಡಿ ಗುಣವಾಯಿತೆಂದು ಮಾತ್ರೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಟೀರಾಯ್ಡ್ ಅನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ಲೂಪಸ್‌ಗೆ ಕೊಡುವ ಇನ್ನೊಂದು ಮಾತ್ರೆ ಅಜಥಯೋಪ್ರಿನ್‌ನ ಕಥೆ ಇದಕ್ಕೆ ತಿರುಗುಮುರುಗು. ನಮ್ಮ ದೇಶದಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಎನ್‌ಯುಡಿಟಿ15 ಎಂಬ ಜೀನ್‌ನಲ್ಲಿ ವ್ಯತ್ಯಾಸವಿರುತ್ತದೆ. ಅಂಥವರಲ್ಲಿ ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಕೂದಲು ಹಿಡಿಹಿಡಿಯಾಗಿ ಉದುರಿ, ಬಿಳಿ ಕಣ ಪಾತಾಳಕ್ಕೆ ಇಳಿಯಬಹುದು. ಮೊದಲ ವಾರಗಳಲ್ಲಿ ವೈದ್ಯರು ಮತ್ತೆ ಮತ್ತೆ ರಕ್ತ ಪರೀಕ್ಷೆ ಬರೆಯುವುದು ಹಣ ಕೀಳಲು ಅಲ್ಲ. ಕೀಲು ಊದಿ ನೋಯುವ ಗೌಟ್‌ಗೆ ಕೊಡುವ ಅಲೋಪ್ಯೂರಿನಾಲ್ ಇದರ ಜೊತೆ ಸೇರಿದರೆ ಇನ್ನೂ ಅಪಾಯ. ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದು ಎಲ್ಲ ವೈದ್ಯರಿಗೂ ಗೊತ್ತಿರಲಿ.

ಇನ್ನು ಜ್ವರ. ತೋಟದ ಮನೆಯಲ್ಲಿ ಬೇರೇನು ಇಲ್ಲದಿದ್ದರೂ ಒಂದು ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಮುಟ್ಟಿದರೆ ಬೆಳಗಿನ ಬಸ್ಸಿಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರ ಮೈಗೆ ಕಾಣದೆಯೂ ಸೋಂಕು ಬೆಳೆಯಬಹುದು, ಆದ್ದರಿಂದ ಚಳಿ ನಡುಕ, ಉಸಿರಾಟದ ತೊಂದರೆ ಬಂದರೂ ತಡ ಮಾಡಬೇಡಿ. ಅಂಗಡಿಯಿಂದ ನೀವೇ ಆ್ಯಂಟಿಬಯೋಟಿಕ್ ಕೊಳ್ಳಬೇಡಿ; ಸಲ್ಫಾ ಗುಂಪಿನವು ಲೂಪಸ್ ಅನ್ನೇ ಕೆರಳಿಸಬಲ್ಲವು. ವರದಿಗಳ ಕವರು, ಮಾತ್ರೆ ಚೀಟಿ ಎರಡನ್ನೂ ಹಿಡಿದುಕೊಂಡು ಹೋಗಿ, ಬಾಗಿಲಲ್ಲೇ "ನನಗೆ ಲೂಪಸ್ ಇದೆ" ಎಂದು ಹೇಳಿ.