ಅಪ್ಪ ಅಮ್ಮನ ಜೊತೆ ಟೋಕಿಯೋ ಮೆಟ್ರೋ: ರೈಲಿನ ಸಮಯ ಬಿಡಿ, ನಡೆಯೋ ದಾರಿ ನೋಡಿ

ಟೋಕಿಯೋ ಮೆಟ್ರೋ ಬಗ್ಗೆ ಓದಿದ್ದೆಲ್ಲ ರೈಲಿನ ಬಗ್ಗೆಯೇ ಇರುತ್ತದೆ. ಸಮಯಕ್ಕೆ ಸರಿಯಾಗಿ ಬರುತ್ತದೆ, ಸ್ವಚ್ಛವಾಗಿರುತ್ತದೆ, ಒಳಗೆ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಎಲ್ಲ ನಿಜ. ಆದರೆ ಎಪ್ಪತ್ತು ದಾಟಿದ ಅಪ್ಪ, ಮಂಡಿನೋವಿನ ಅಮ್ಮ ಜೊತೆಗಿದ್ದರೆ ಸುಸ್ತು ಮಾಡುವುದು ಸ್ಟೇಷನ್ನು. ರೈಲಲ್ಲಿ ಕೂತಿರುವುದೇ ವಿಶ್ರಾಂತಿ. ಹಾಗಾಗಿ ಮೊಬೈಲ್ ಮ್ಯಾಪ್ ಮೊದಲು ತೋರಿಸುವ ದಾರಿಯನ್ನೇ ಹಿಡಿಯಬೇಡಿ. ಹತ್ತು ನಿಮಿಷ ಜಾಸ್ತಿಯಾದರೂ ಕಡಿಮೆ ನಡಿಗೆಯ ದಾರಿ ಹುಡುಕಿ.

ಮೊದಲು ಯಾರ ರೈಲು ಯಾವುದು ಅಂತ ಗೊತ್ತಿರಲಿ. ನೆಲದಡಿಯ 13 ಮಾರ್ಗಗಳಲ್ಲಿ 9 ಟೋಕಿಯೋ ಮೆಟ್ರೋದವು, 4 ತೋಯೇ ಸಬ್‌ವೇ ಅನ್ನುವ ಇನ್ನೊಂದು ಸಂಸ್ಥೆಯವು. ಊರನ್ನು ಸುತ್ತುವ, 30 ನಿಲ್ದಾಣಗಳ ಯಾಮಾನೋತೆ ಮಾರ್ಗ ಜೆಆರ್ ಅನ್ನುವ ಬೇರೆಯದೇ ರೈಲು ಕಂಪನಿಯದ್ದು. ಪ್ರವಾಸಿಗರಿಗೆ ಸಿಗುವ 24, 48, 72 ಗಂಟೆಯ ಸಬ್‌ವೇ ಟಿಕೆಟ್ ಆ 13 ಮಾರ್ಗಗಳಿಗೆ ಮಾತ್ರ. ಅದನ್ನು ಹಿಡಿದು ಯಾಮಾನೋತೆಗೆ ಹೋದರೆ, ಬಿಎಂಟಿಸಿ ಪಾಸ್ ತೋರಿಸಿ ಮೈಸೂರಿನ ಬಸ್ಸು ಹತ್ತಿದ ಹಾಗೆ.

ಆ ಟಿಕೆಟ್‌ನಲ್ಲಿ ಗಂಟೆ ಲೆಕ್ಕ ಶುರುವಾಗುವುದು ಮೊದಲ ಸಲ ಗೇಟಿಗೆ ಹಾಕಿದಾಗ. 24 ಗಂಟೆಯದ್ದನ್ನು ಮಧ್ಯಾಹ್ನ ಮೂರಕ್ಕೆ ಶುರು ಮಾಡಿದರೆ ಮರುದಿನ ಮೂರರವರೆಗೆ ನಡೆಯುತ್ತದೆ. ದಿನಕ್ಕೆ ಐದಾರು ಸಲ ಹತ್ತಿಳಿಯುವ ಹುಡುಗರಿಗೆ ಲಾಭ. ವಯಸ್ಸಾದವರು ದಿನಕ್ಕೆ ಎರಡೋ ಮೂರೋ ಸಲ ಹತ್ತಿದರೆ ಹೆಚ್ಚು. ಅವರಿಗೆ ಮೊದಲೇ ದುಡ್ಡು ತುಂಬಿಸಿಟ್ಟುಕೊಳ್ಳುವ ಸುಯಿಕಾ ಕಾರ್ಡೇ ಸಾಕು. ಎಲ್ಲ ಕಂಪನಿಯ ರೈಲಿಗೂ ಆಗುತ್ತದೆ, ಅಂಗಡಿಯಲ್ಲೂ ನಡೆಯುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಒಂದರಲ್ಲೇ ಇಬ್ಬರು ಹೋಗೋಕಾಗಲ್ಲ. ವಿಮಾನ ನಿಲ್ದಾಣದಲ್ಲಿ ಸಿಗುವ ವೆಲ್‌ಕಮ್ ಸುಯಿಕಾ ಅನ್ನುವ ಪ್ರವಾಸಿಗರ ಕಾರ್ಡ್ 28 ದಿನ ನಡೆಯುತ್ತದೆ. ಉಳಿದ ದುಡ್ಡು ವಾಪಸ್ ಬರಲ್ಲ, ಕೊನೇ ದಿನ ಬಿಸ್ಕತ್ತೋ ಚಹಾವೋ ಕೊಂಡು ಖಾಲಿ ಮಾಡಿ. ರೀಚಾರ್ಜ್ ಮೆಷಿನ್‌ಗೆ ಹಾಕಲು ಯೆನ್ ನೋಟು ಜೇಬಿನಲ್ಲಿರಲಿ.

ನಿಲ್ದಾಣದ ಹೆಸರು ನೆನಪಿಡುವ ಗೋಜಿಗೆ ಹೋಗಬೇಡಿ. ಪ್ರತಿ ನಿಲ್ದಾಣಕ್ಕೂ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. ಅಸಾಕುಸಾ ಜಿ19, ಶಿಬುಯಾ ಜಿ01. ಸಂಖ್ಯೆ ಇಳಿಯುತ್ತಿದೆಯೋ ಏರುತ್ತಿದೆಯೋ ನೋಡಿದರೆ ಸರಿಯಾದ ದಿಕ್ಕಿಗೆ ಹೋಗುತ್ತಿದ್ದೀವಾ ಅಂತ ತಿಳಿಯುತ್ತದೆ. ಅಪ್ಪನಿಗೆ ಇದು ಬಹಳ ಹಿಡಿಸಿತು, ಬಸ್ ನಂಬರಿನಲ್ಲೇ ಊರು ಸುತ್ತಿದ ಮನುಷ್ಯ.

ಈ ಜಿ ಅಂದರೆ ಗಿಂಜಾ ಮಾರ್ಗ. ವಯಸ್ಸಾದವರ ಜೊತೆ ಹೋಗುವವರಿಗೆ ನನ್ನ ಮೊದಲ ಆಯ್ಕೆ ಇದೇ. ಹಯಕಾವಾ ನೊರಿತ್ಸುಗು ಅನ್ನುವವರು ಲಂಡನ್ನಿನ ನೆಲದಡಿ ರೈಲು ನೋಡಿ ಬಂದು, ಟೋಕಿಯೋಗೂ ಬೇಕು ಅಂತ ಹಟ ಹಿಡಿದು ಕಟ್ಟಿಸಿದ್ದು. 1927ರ ಡಿಸೆಂಬರ್‌ನಲ್ಲಿ ಉಯೆನೋ ಮತ್ತು ಅಸಾಕುಸಾ ನಡುವೆ ಶುರುವಾಯಿತು. ಹಳೆಯದಾದ್ದರಿಂದ ರಸ್ತೆಯ ಕೆಳಗೇ, ಹೆಚ್ಚು ಆಳವಿಲ್ಲದೆ ಹೋಗುತ್ತದೆ. ಆಮೇಲೆ ಬಂದ ಮಾರ್ಗಗಳು ಒಂದರ ಕೆಳಗೊಂದು ತೂರಿಕೊಳ್ಳಬೇಕಾಯಿತು. ತೋಯೇಯ ಓಎದೋ ಮಾರ್ಗದ ರೊಪ್ಪೊಂಗಿ ಪ್ಲಾಟ್‌ಫಾರ್ಮ್ ನೆಲದಿಂದ ಸುಮಾರು 42 ಮೀಟರ್ ಕೆಳಗಿದೆ. ಎಸ್ಕಲೇಟರ್ ಮೇಲೆ ಎಸ್ಕಲೇಟರ್, ಮುಗಿಯುವುದೇ ಇಲ್ಲ.

ರೈಲು ಬದಲಿಸುವ ಜಾಗವನ್ನೂ ಹಿಂದಿನ ರಾತ್ರಿಯೇ ಆರಿಸಿಕೊಳ್ಳಿ. ಅಸಾಕುಸಾದಿಂದ ಶಿಂಜುಕುಗೆ ಹೋಗಬೇಕಾ? ಗಿಂಜಾ ಮಾರ್ಗದಲ್ಲಿ ಅಕಸಾಕಾ-ಮಿತ್ಸುಕೆವರೆಗೆ ಬನ್ನಿ. ಅಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮ್‌ನ ಎದುರು ಬದಿಯಲ್ಲಿ ಶಿಂಜುಕು ಕಡೆಯ ಮಾರುನೊಉಚಿ ರೈಲು ಹತ್ತಿ. ಒಂದು ಮೆಟ್ಟಿಲೂ ಇಲ್ಲ. ಹಾನ್‌ಜೋಮೋನ್ ಮಾರ್ಗ ಬೇಕಿದ್ದರೆ ಓಮೋತೆಸಾಂದೋದಲ್ಲಿ ಇದೇ ಸುಖ. ಐದು ಮಾರ್ಗ ಸೇರುವ ಓತೆಮಾಚಿ ಮಾತ್ರ ಮ್ಯಾಪಿನಲ್ಲಿ ಒಂದು ಚುಕ್ಕೆ, ಕಾಲಿಗೆ ಒಂದು ಬಡಾವಣೆ. ತಪ್ಪಿಸಿಕೊಳ್ಳಿ.

ಪ್ಲಾಟ್‌ಫಾರ್ಮ್‌ನ ಗೋಡೆ, ಕಂಬಗಳ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಮುಂದಿನ ಯಾವ ನಿಲ್ದಾಣದಲ್ಲಿ ಎಷ್ಟನೇ ಬೋಗಿಯ ಎದುರಿಗೆ ಮೆಟ್ಟಿಲು, ಎಸ್ಕಲೇಟರ್, ಲಿಫ್ಟ್ ಬರುತ್ತದೆ ಅನ್ನುವುದೆಲ್ಲ ಅದರಲ್ಲಿದೆ. 1990ರ ದಶಕದಲ್ಲಿ ಮಗುವಿನ ತಳ್ಳುಗಾಡಿ ಹಿಡಿದು ಎಸ್ಕಲೇಟರ್ ಹುಡುಕಿ ಸುಸ್ತಾದ ಒಬ್ಬ ತಾಯಿ, ನಿಲ್ದಾಣಗಳನ್ನು ಸುತ್ತಿ ಗುರುತು ಹಾಕಿಕೊಂಡದ್ದರಿಂದ ಹುಟ್ಟಿದ ಪಟ್ಟಿ ಇದು. ಅಪ್ಪ ಕನ್ನಡಕ ಏರಿಸಿ, ಬೆರಳಿಟ್ಟು ಸಾಲು ಹುಡುಕಿ, "ಮೂರನೇ ಡಬ್ಬಿ, ನಡೀರಿ" ಅನ್ನುತ್ತಿದ್ದರು. "ಏನ್ರೀ, ಜಪಾನಿ ಬಂದ್ಬಿಡ್ತಾ ನಿಮಗೆ?" ಅಂತ ಅಮ್ಮನ ಕೀಟಲೆ. ರೈಲು ನಿಂತು ಬಾಗಿಲು ತೆರೆದರೆ ಎದುರಿಗೇ ಲಿಫ್ಟು!

ಲಿಫ್ಟ್ ಎಲ್ಲ ದ್ವಾರಗಳಲ್ಲೂ ಇರುವುದಿಲ್ಲ. ನಿಮ್ಮ ಜಾಗಕ್ಕೆ ಹತ್ತಿರದ್ದು ಎ3 ದ್ವಾರವಾದರೂ ಲಿಫ್ಟ್ ಇನ್ನೊಂದು ತುದಿಯಲ್ಲಿರಬಹುದು. ಹೊರದಾರಿಯ ಫಲಕಗಳೆಲ್ಲ ಹಳದಿ. ಶಿಂಜುಕುವಿನಲ್ಲಿ ಹೊರಹೋಗುವ ದಾರಿಗಳು 200ಕ್ಕೂ ಹೆಚ್ಚು, ಹಾಗಾಗಿ "ಶಿಂಜುಕು ಸ್ಟೇಷನ್ ಹತ್ತಿರ" ಅಂತ ಹೋಟೆಲ್‌ನವರು ಬರೆದರೆ ಯಾವ ದ್ವಾರ ಅಂತ ಕೇಳದೆ ಬುಕ್ ಮಾಡಬೇಡಿ.

ಮೂರನೇ ದಿನಕ್ಕೆಲ್ಲ ಅಮ್ಮನಿಗೆ ಅನ್ನ ಸಾರು ನೆನಪಾಗುತ್ತದೆ, ಅಲ್ವಾ? ಆಗ ನಿಶಿ-ಕಸಾಯಿಗೆ ಹೋಗಿ. ಐಟಿ ಕೆಲಸಕ್ಕೆ ಹೋದ ಭಾರತೀಯ ಕುಟುಂಬಗಳು ತುಂಬಾ ಇರುವ ಕಡೆ. ಕನ್ನಡವೂ ಕಿವಿಗೆ ಬೀಳಬಹುದು. ತೋಜಾಯಿ ಮಾರ್ಗ, ಟಿ16. ಒಂದು ಎಚ್ಚರ: ಈ ಮಾರ್ಗದಲ್ಲಿ ರ್‍ಯಾಪಿಡ್ ಅನ್ನುವ ರೈಲೂ ಓಡುತ್ತದೆ. ಅದು ತೋಯೋಚೋ ಬಿಟ್ಟರೆ ನೇರ ಉರಾಯಾಸುವಿನಲ್ಲೇ ನಿಲ್ಲುತ್ತದೆ, ನಿಶಿ-ಕಸಾಯಿ ಕಿಟಕಿಯಲ್ಲಿ ಹಾದುಹೋಗುತ್ತದೆ. ಬೋರ್ಡಿನಲ್ಲಿ ಲೋಕಲ್ ಅಂತ ಇದ್ದರೆ ಮಾತ್ರ ಹತ್ತಿ. ಬೆಳಗಿನ ಹೊತ್ತು ಅಲ್ಲಿಂದ ಊರೊಳಗೆ ಬರುವ ಸಾಹಸವಂತೂ ಬೇಡ, ಟೋಕಿಯೋದ ಅತಿ ಹೆಚ್ಚು ನೂಕುನುಗ್ಗಲಿನ ಮಾರ್ಗಗಳಲ್ಲಿ ಇದೂ ಒಂದು. ವಾರದ ದಿನಗಳಲ್ಲಿ ಒಂಬತ್ತೂವರೆ ಆದಮೇಲೆ ಹೊರಡಿ.

ದೊಡ್ಡ ಸೂಟ್‌ಕೇಸ್ ಮೆಟ್ರೋದಲ್ಲಿ ಎಳೆಯಬೇಡಿ. ಹೋಟೆಲಿನಿಂದ ಹೋಟೆಲಿಗೆ ಲಗೇಜ್ ತಲುಪಿಸುವ ತಕ್ಕ್ಯೂಬಿನ್ ಸೇವೆ ಇದೆ, ಹೋಟೆಲ್ ಕೌಂಟರ್‌ನಲ್ಲೇ ಒಪ್ಪಿಸಬಹುದು. ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಕಸದ ಬುಟ್ಟಿ ಸ್ಟೇಷನ್ನಿನಲ್ಲಿ ಸಿಗುವುದಿಲ್ಲ, ಕಿತ್ತಳೆ ಸಿಪ್ಪೆಗೆ ಒಂದು ಕವರ್ ಬ್ಯಾಗಿನಲ್ಲಿರಲಿ. ಎಸ್ಕಲೇಟರ್‌ನಲ್ಲಿ ಎಡಕ್ಕೆ ನಿಲ್ಲಿ, ಒಸಾಕಾಗೆ ಹೋದರೆ ಬಲಕ್ಕೆ.

ರಾತ್ರಿಯಿಡೀ ರೈಲು ಇರುವುದಿಲ್ಲ. ಹನ್ನೆರಡರ ಆಸುಪಾಸಿಗೆ ಕೊನೆಯ ರೈಲು, ಮತ್ತೆ ಶುರುವಾಗುವುದು ಬೆಳಗ್ಗೆ ಐದಕ್ಕೆ. ರೈಲು ಬದಲಿಸಬೇಕಿದ್ದರೆ ಎರಡನೇ ಮಾರ್ಗದ ಕೊನೆಯ ರೈಲಿನ ಸಮಯವನ್ನೂ ನೋಡಿಕೊಳ್ಳಿ. ತಪ್ಪಿದರೆ ಟ್ಯಾಕ್ಸಿಯೇ ಗತಿ. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಅದಕ್ಕೆ 20 ಶೇಕಡಾ ಜಾಸ್ತಿ ಕೊಡಬೇಕು.