ದೀಪದ ಮೇಲಿನ ಹಿಮ ಕೊಡವುವ ಕೆಲಸ

ನಾವಿರುವ ಊರಿನಲ್ಲಿ ಕ್ರಿಸ್ಮಸ್ ಕೆಲಸ ಶುರುವಾಗುವುದು ಅಕ್ಟೋಬರ್ ಕೊನೆಯ ವಾರ. ಹಬ್ಬದ ಅವಸರಕ್ಕಲ್ಲ, ಚಳಿಯ ಕಾರಣಕ್ಕೆ. ಒಮ್ಮೆ ಹೆಪ್ಪುಗಟ್ಟುವ ಚಳಿ ಬಂತೆಂದರೆ ಸೀರಿಯಲ್ ಸೆಟ್ಟಿನ ವೈರು ಬಗ್ಗುವುದಿಲ್ಲ, ಪ್ಲಾಸ್ಟಿಕ್ ಕ್ಲಿಪ್ಪು ಕೈಯಲ್ಲೇ ಮುರಿಯುತ್ತದೆ, ಏಣಿಯ ಮೆಟ್ಟಿಲ ಮೇಲೆ ಕಾಲು ನಿಲ್ಲುವುದಿಲ್ಲ. ಹಾಗಾಗಿ ಮರಗಳ ಎಲೆ ಇನ್ನೂ ಹಳದಿ ಇರುವಾಗಲೇ ಪೋಸ್ಟ್ ಆಫೀಸಿನ ಸೂರಿಗೆ ದೀಪ ಕಟ್ಟಿ ಮುಗಿಸಬೇಕು.

ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕ್ಯಾಸ್ಕೇಡ್ ಬೆಟ್ಟಸಾಲಿನ ಪೂರ್ವದ ಮಗ್ಗುಲಲ್ಲಿರುವ ಒಂದು ಸಣ್ಣ ಊರು. ಸಿಯಾಟಲ್ ಕಡೆಯಿಂದ ಬರುವವರು 2ನೇ ನಂಬರ್ ಹೆದ್ದಾರಿ ಹಿಡಿದು, 4,061 ಅಡಿ ಎತ್ತರದ ಸ್ಟೀವನ್ಸ್ ಪಾಸ್ ಎಂಬ ಘಟ್ಟ ದಾಟಿ ಇಳಿಯಬೇಕು. ನನ್ನ ಗಂಡನಿಗೆ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಬಂದೆವು. ಒಂದೇ ಮುಖ್ಯ ಬೀದಿ, ಒಂದು ಶಾಲೆ, ಒಂದು ಸಮುದಾಯ ಭವನ. ಸುತ್ತ ಪೇರ್ ಹಣ್ಣಿನ ತೋಟಗಳು, ಅವುಗಳ ಹಿಂದೆ ಬೆಟ್ಟ. ಡಿಸೆಂಬರಿನಲ್ಲಿ ಮಧ್ಯಾಹ್ನ ಊಟ ಮುಗಿಸುವಷ್ಟರಲ್ಲಿ ಸೂರ್ಯ ಬೆಟ್ಟದ ಹಿಂದೆ ಹೋಗಿರುತ್ತಾನೆ. ನಾಲ್ಕೂಕಾಲಿಗೆಲ್ಲ ಸೂರ್ಯಾಸ್ತ, ಐದಕ್ಕೆ ಪೂರ್ತಿ ಕತ್ತಲೆ. ಇಲ್ಲಿ ದೀಪ ಕಟ್ಟುವುದು ಬರೀ ಅಲಂಕಾರಕ್ಕಲ್ಲ ಅನ್ನುವುದು ಆ ಕತ್ತಲೆಯನ್ನು ಒಂದು ಚಳಿಗಾಲ ನೋಡಿದರೆ ಗೊತ್ತಾಗುತ್ತದೆ.

ಊರಾಡಳಿತಕ್ಕಿರುವ ಹಣ ರಸ್ತೆಯ ಹಿಮ ತೆಗೆಯುವುದಕ್ಕೇ ಸಾಲುವುದಿಲ್ಲ. ಹಬ್ಬ ಮಾಡುವುದು ವಾಲಂಟಿಯರ್‌ಗಳು. ಅದೇ ಇಪ್ಪತ್ತು ಮೂವತ್ತು ಮುಖಗಳು. ಬೆಂಕಿ ಬಿದ್ದರೆ ಓಡುವವರು ಅವರೇ, ಲೈಬ್ರರಿ ತೆರೆದಿಡುವವರು ಅವರೇ, ಒಂಟಿ ವೃದ್ಧರಿಗೆ ಊಟ ಮುಟ್ಟಿಸುವವರೂ ಅವರೇ.

ಭವನದಲ್ಲಿ ಒಂದು ಶನಿವಾರ ಎಲ್ಲ ಪೆಟ್ಟಿಗೆಗಳನ್ನೂ ಇಳಿಸಿ ಒಂದೊಂದೇ ಸರವನ್ನು ಪ್ಲಗ್ಗಿಗೆ ಹಾಕಿ ನೋಡುತ್ತೇವೆ. ಇದನ್ನು ನಡೆಸುವವರು ವಿದ್ಯುತ್ ಕಂಬ ಹತ್ತಿ ಹತ್ತಿ ನಿವೃತ್ತರಾದ ಒಬ್ಬ ಲೈನ್‌ಮ್ಯಾನ್. ಅವರಿಂದ ನಾನು ಕಲಿತದ್ದು ತುಂಬಾ. ಎರಡು ಸರ ಕೂಡುವ ಜಾಗವನ್ನು ನೆಲದ ಮೇಲೆ ಬಿಡಬಾರದು, ಎತ್ತರದಲ್ಲಿ ತೂಗುಹಾಕಬೇಕು. ಟೇಪು ಸುತ್ತಿ ಬಿಗಿ ಮಾಡಿದರೆ ನೀರು ಒಳಗೇ ನಿಂತುಬಿಡುತ್ತದೆ. ಅದರ ಬದಲು ವೈರನ್ನು ಪ್ಲಗ್ಗಿಗಿಂತ ಸ್ವಲ್ಪ ಕೆಳಗೆ ಜೋಲುಬಿಟ್ಟರೆ ಹನಿಗಳು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತವೆ. ಹಿಮ ಬೀಳುವಾಗ ಏನೂ ಆಗುವುದಿಲ್ಲ, ಕರಗುವಾಗ ಟ್ರಿಪ್ ಆಗುತ್ತದೆ ಅನ್ನುವುದು ಅವರ ಮಾತು. ಅದು ನಿಜ ಕೂಡ.

ಮೊದಲು ಇಲ್ಲಿದ್ದದ್ದು ಫಿಲಮೆಂಟ್ ಬಲ್ಬುಗಳು, ದಪ್ಪ ಜಾತಿಯವು, ಒಂದೊಂದೂ 7 ವಾಟ್. ನೂರು ಬಲ್ಬಿಗೆ 700 ವಾಟ್ ಆಯಿತು. ಬೀದಿ ಪೂರ್ತಿ ಬೆಳಗಬೇಕಾದರೆ ಹತ್ತಾರು ಅಂಗಡಿಗಳಿಂದ ಕರೆಂಟ್ ಎಳೆಯಬೇಕಿತ್ತಂತೆ. ಈಗಿನ ಎಲ್‌ಇಡಿ ಒಂದು ವಾಟನ್ನೂ ತಿನ್ನುವುದಿಲ್ಲ. ಬಿಲ್ಲು ಇಳಿಯಿತು. ಆದರೆ ಹಳೆಯ ಬಲ್ಬು ಬಿಸಿಯಾಗುತ್ತಿತ್ತು, ಮೇಲೆ ಬಿದ್ದ ಹಿಮ ತಾನಾಗಿ ಕರಗುತ್ತಿತ್ತು. ಎಲ್‌ಇಡಿ ತಣ್ಣಗಿರುತ್ತದೆ. ಹಿಮ ಅದರ ಮೇಲೆ ಕೂತುಬಿಡುತ್ತದೆ, ದೀಪ ಉರಿಯುತ್ತಿದ್ದರೂ ಬೀದಿಗೆ ಕಾಣುವುದಿಲ್ಲ. ಅದಕ್ಕೇ ಹಬ್ಬದ ದಿನ ಉದ್ದನೆಯ ಕೋಲಿನ ತುದಿಗೆ ಮೆತ್ತನೆಯ ಪೊರಕೆ ಕಟ್ಟಿಕೊಂಡು ಇಡೀ ಬೀದಿಯ ದೀಪಗಳ ಹಿಮ ಕೊಡವಬೇಕು. ಆ ಕೆಲಸ ನನ್ನದು. ನನಗೆ ಬಹಳ ಇಷ್ಟದ್ದು.

ಹೊರಗಿನವರಿಗೆ ನಮ್ಮ ಕಡೆಯ ಕ್ರಿಸ್ಮಸ್ ಅಂದರೆ ಲೆವೆನ್‌ವರ್ತ್. ಅದೂ ಇದೇ ಹೆದ್ದಾರಿಯ ಮೇಲೆ, 2,400 ಜನರ ಊರು. ಚಳಿಗಾಲದಲ್ಲಿ ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ದೀಪ ಹೊತ್ತಿರುತ್ತವೆ, ರೈಲಿನಲ್ಲೂ ಬಸ್ಸಿನಲ್ಲೂ ಜನ ಬಂದಿಳಿಯುತ್ತಾರೆ. ಈಗ ಅದು ದೊಡ್ಡ ಪ್ರವಾಸಿ ತಾಣ. ಆದರೆ ಅದೂ ಒಂದು ಕಾಲಕ್ಕೆ ಮುಳುಗಿದ ಊರೇ. 1920ರ ದಶಕದಲ್ಲಿ ರೈಲ್ವೆ ಕಚೇರಿ ಹತ್ತಿರದ ವೆನಾಚಿ ಊರಿಗೆ ಎದ್ದುಹೋಯಿತು, ಮರದ ಮಿಲ್ಲು ಮುಚ್ಚಿತು, ಅಂಗಡಿಗಳು ಖಾಲಿಯಾದವು. 1960ರ ದಶಕದಲ್ಲಿ ಊರಿನವರೇ ಸಮಿತಿ ಮಾಡಿಕೊಂಡು, ಅಂಗಡಿಗಳ ಮುಖವನ್ನೆಲ್ಲ ಜರ್ಮನಿಯ ಬವೇರಿಯಾ ಹಳ್ಳಿಯ ಶೈಲಿಗೆ ಬದಲಾಯಿಸಿದರು. ಅದಕ್ಕೆ ಮೊದಲು ಕೈಹಾಕಿದವರಲ್ಲಿ ಊರಿನ ಹೆಂಗಸರ ಒಂದು ಕ್ಲಬ್ ಇತ್ತು. ಆ ಐದು ಲಕ್ಷ ದೀಪ ನೋಡುವಾಗೆಲ್ಲ ನನಗೆ ಆ ಹೆಂಗಸರ ಮೊದಲ ಮೀಟಿಂಗಿನ ಯೋಚನೆಯೇ ಬರುತ್ತದೆ. ಹೊರಗೆ ಬೀಗ ಹಾಕಿದ ಅಂಗಡಿಗಳು, ಒಳಗೆ ಮೇಜಿನ ಸುತ್ತ ಕೂತ ನಾಲ್ಕು ಜನ. ಎಷ್ಟು ಧೈರ್ಯ ಬೇಕು, ಅಲ್ವಾ?

ನಮ್ಮೂರಿನ ಹಬ್ಬದಲ್ಲಿ ಪ್ರವಾಸಿಗಳಿಗೆ ಕಾಣದ ಒಂದು ಕೋಣೆ ಇದೆ. ನನ್ನ ಮಟ್ಟಿಗೆ ಹಬ್ಬದ ಜೀವ ಇರುವುದು ಅಲ್ಲೇ.

ಹಣ್ಣು ಕೊಯ್ಲು ಅಕ್ಟೋಬರಿಗೆ ಮುಗಿಯುತ್ತದೆ. ತೋಟದ ಕೆಲಸದವರ ಕೈಯಲ್ಲಿ ಆಮೇಲೆ ಕೆಲವು ತಿಂಗಳು ಹಣ ಓಡಾಡುವುದಿಲ್ಲ. ಅವರಲ್ಲಿ ತುಂಬ ಜನ ಮೆಕ್ಸಿಕೋ ಮೂಲದವರು. ಹಿಮ ತಡವಾಗಿ ಬಿದ್ದ ವರ್ಷ ಸ್ಕೀ ಬೆಟ್ಟದಲ್ಲಿ ದುಡಿಯುವವರಿಗೂ ಅದೇ ಕಷ್ಟ. ಇಂಥ ಮನೆಗಳ ಮಕ್ಕಳಿಗಾಗಿ ಲೈಬ್ರರಿಯಲ್ಲಿ ಒಂದು ಸಣ್ಣ ಮರ ಇಟ್ಟು ಕಾಗದದ ಚೀಟಿ ತೂಗುಹಾಕುತ್ತಾರೆ. ಹುಡುಗಿ, ಎಂಟು ವರ್ಷ, ಹಿಮದ ಬೂಟು, ನೇರಳೆ ಬಣ್ಣ ಇಷ್ಟ. ಅಷ್ಟೇ ಇರುತ್ತದೆ. ಹೆಸರಿಲ್ಲ, ಮನೆಯ ಗುರುತಿಲ್ಲ. ಊರಿನವರು ಒಂದೊಂದು ಚೀಟಿ ತೆಗೆದುಕೊಂಡು ಹೋಗಿ ಅದರಲ್ಲಿರುವುದನ್ನು ಕೊಂಡುತಂದು ಕೊಡುತ್ತಾರೆ. ಆದರೆ ಸಣ್ಣ ಊರಿನಲ್ಲಿ ಹೆಸರು ಬಚ್ಚಿಟ್ಟರೆ ಸಾಕೇ? ನೇರಳೆ ಬೂಟು ಕೊಂಡುಕೊಟ್ಟವರ ಮಗಳು ಅದೇ ಕ್ಲಾಸಿನಲ್ಲಿ ಇರುತ್ತಾಳೆ. ಸೋಮವಾರ ಆ ಬೂಟು ಶಾಲೆಗೆ ಬಂದ ಕೂಡಲೇ ಎಲ್ಲ ಗೊತ್ತಾಗುತ್ತದೆ.

ಅದಕ್ಕೆ ಇಲ್ಲಿನವರು ಕಂಡುಕೊಂಡ ದಾರಿ ನನ್ನನ್ನು ತಟ್ಟಿತು. ಬಂದ ಸಾಮಾನನ್ನು ನೇರವಾಗಿ ಯಾರಿಗೂ ಕೊಡುವುದಿಲ್ಲ. ನಮ್ಮ ಸಾಮಾನಿಗೂ ಪಕ್ಕದ ಕಣಿವೆಯ ಸಾಮಾನಿಗೂ ಅದಲುಬದಲು. ಅಲ್ಲಿನದು ಇಲ್ಲಿಗೆ, ಇಲ್ಲಿನದು ಅಲ್ಲಿಗೆ. ಭವನದ ಹಿಂದಿನ ಕೋಣೆಯಲ್ಲಿ ಎಲ್ಲವನ್ನೂ ಅಂಗಡಿಯ ಹಾಗೆ ಮೇಜಿನ ಮೇಲೆ ಜೋಡಿಸಿಡುತ್ತಾರೆ. ಪರದೆ ಎಳೆದಿರುತ್ತದೆ. ಅಪ್ಪ ಅಮ್ಮಂದಿರು ಹಿಂದಿನ ಬಾಗಿಲಿನಿಂದ ಬರುತ್ತಾರೆ, ಒಂದು ಹೊತ್ತಿಗೆ ಒಂದೇ ಮನೆಯವರು. ಏನು ಬೇಕೋ ಅವರೇ ಆರಿಸುತ್ತಾರೆ. ಜೊತೆಗೆ ಬಣ್ಣದ ಕಾಗದ, ಟೇಪು ಕೊಡುತ್ತಾರೆ, ಮನೆಯಲ್ಲಿ ಅವರೇ ಸುತ್ತಿಕೊಳ್ಳಲಿ ಅಂತ. ಮಗುವಿಗೆ ಉಡುಗೊರೆ ಬರುವುದು ಊರಿನಿಂದಲ್ಲ, ತನ್ನ ಅಪ್ಪ ಅಮ್ಮನಿಂದ.

ಕೋಣೆಯಲ್ಲಿ ನಿಲ್ಲುವ ವಾಲಂಟಿಯರ್ ಕೂಡ ಪಕ್ಕದ ಕಣಿವೆಯವರೇ. ನಾವು ಅವರ ಊರಿಗೆ ಹೋಗುತ್ತೇವೆ, ಅವರು ನಮ್ಮ ಊರಿಗೆ ಬರುತ್ತಾರೆ. ನಾಳೆ ಅಂಗಡಿಯಲ್ಲಿ ಎದುರಾದರೆ ಯಾರಿಗೂ ಮುಜುಗರ ಆಗಬಾರದು. ಹಾಗೆ ಆ ಕಣಿವೆಯ ಕೋಣೆಯಲ್ಲಿ ನಾನೂ ಒಂದು ಸಂಜೆ ನಿಂತಿದ್ದೆ. ಒಬ್ಬ ಅಪ್ಪ ಒಂದೇ ಥರದ ಎರಡು ಜೊತೆ ಬೂಟು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಕೊನೆಗೆ ದೊಡ್ಡ ಸೈಜಿನದನ್ನೇ ತೆಗೆದುಕೊಂಡರು. ಮುಂದಿನ ಚಳಿಗಾಲಕ್ಕೂ ಬರಲಿ ಅಂತ ಇರಬೇಕು. ಹೋಗುವಾಗ ಮೇಜಿನ ಮೇಲೆ ಚೆಲ್ಲಾಪಿಲ್ಲಿಯಾಗಿದ್ದ ಟೋಪಿಗಳನ್ನೆಲ್ಲ ಒಪ್ಪವಾಗಿ ಜೋಡಿಸಿಟ್ಟು ಹೋದರು.

ಇನ್ನು ಹಬ್ಬದ ದಿನದ ಮಾತು. ಡಿಸೆಂಬರಿನ ಮೊದಲ ಶನಿವಾರ. ಹಿಂದಿನ ರಾತ್ರಿಯಿಂದಲೇ ಹಿಮ ಬೀಳುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಒಂದು ದೀಪವೂ ಕಾಣದು. ಪೊರಕೆ ಹಿಡಿದು ಬೇಕರಿಯಿಂದ ಶುರುಮಾಡಿದೆ. ಎತ್ತಿದ ಕೈ ಇಳಿಸುವ ಹಾಗಿಲ್ಲ, ಕೊಡವಿದ ಹಿಮವೆಲ್ಲ ಕತ್ತಿನೊಳಗೆ. ಆದರೆ ಹಿಮ ಜಾರಿದ ಕೂಡಲೇ ಒಳಗಿನಿಂದ ಕೆಂಪು, ಹಸಿರು ಒಂದೊಂದಾಗಿ ಕಣ್ಣು ಬಿಡುವುದನ್ನು ನೋಡಿದರೆ ಚಳಿ ಮರೆತುಹೋಗುತ್ತದೆ.

ಅತ್ತ ಭವನದ ಅಡುಗೆಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿಯ ಮೇಲ್ವಿಚಾರಣೆಯಲ್ಲಿ ಸೂಪು ಕುದಿಯುತ್ತಿತ್ತು. ಈ ರಾಜ್ಯದಲ್ಲಿ ಹೀಗೆ ಜನರಿಗೆ ಅಡುಗೆ ಮಾಡಿ ಬಡಿಸಬೇಕಾದರೆ ಫುಡ್ ವರ್ಕರ್ ಕಾರ್ಡ್ ಬೇಕು. 10 ಡಾಲರ್ ಕಟ್ಟಿ ಪರೀಕ್ಷೆ ಬರೆಯಬೇಕು. ಅಜ್ಜಿ ತಮ್ಮ ಕಾರ್ಡಿನ ಅವಧಿ ಮುಗಿದಾಗಲೆಲ್ಲ ತಪ್ಪದೆ ಮತ್ತೆ ಪರೀಕ್ಷೆ ಬರೆಯುತ್ತಾರೆ. ತೋಟದ ಕೆಲಸದ ಮನೆಗಳ ಹೆಂಗಸರು ಬುಟ್ಟಿಗಟ್ಟಲೆ ತಮಾಲೆ ತಂದಿದ್ದರು. ಮೆಕ್ಕೆಜೋಳದ ಹಿಟ್ಟನ್ನು ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸುವ ತಿಂಡಿ ಅದು. ಅವರ ಕ್ರಿಸ್ಮಸ್‌ಗೆ ಅದಿಲ್ಲದೆ ಆಗುವುದಿಲ್ಲ. ಸೂಪಿಗಿಂತ ಮೊದಲು ಖಾಲಿಯಾಗುವುದೂ ಅದೇ.

ಸಾಂತಾ ಪ್ರತಿ ವರ್ಷ ಬರುವುದು ಅಗ್ನಿಶಾಮಕದ ಗಾಡಿಯಲ್ಲಿ. ಅಮೆರಿಕದಲ್ಲಿ ಬೆಂಕಿ ಆರಿಸುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸಂಬಳವಿಲ್ಲದ ವಾಲಂಟಿಯರ್‌ಗಳು. ಹಳ್ಳಿ, ಸಣ್ಣ ಊರುಗಳಲ್ಲಂತೂ ಬಹುತೇಕ ಎಲ್ಲರೂ. ಇನ್ನೇನು ಸಾಂತಾ ಹತ್ತಬೇಕು ಅನ್ನುವಾಗ ಎಲ್ಲರ ಸೊಂಟದ ಪೇಜರ್ ಒಟ್ಟಿಗೆ ಕೂಗಿತು. ಪಾಸಿನ ಕಡೆ ಹೆದ್ದಾರಿಯಲ್ಲಿ ಒಂದು ಕಾರು ಜಾರಿ ಕೆಳಗಿಳಿದಿದೆ. ಎರಡು ನಿಮಿಷದೊಳಗೆ ಗಾಡಿ ಹೊರಟುಹೋಯಿತು. ಗಾಡಿಯ ಸುತ್ತ ಕಟ್ಟಿದ್ದ ಹಸಿರು ಮಾಲೆಯನ್ನು ಬಿಚ್ಚಿ ಪಕ್ಕಕ್ಕೆ ಎಸೆದು ಹೋಗಿದ್ದರು. ಸೈರನ್ ಕೇಳಿ ಬೀದಿಯಲ್ಲಿದ್ದ ಕೆಲವು ಹೆಂಗಸರ ಮುಖ ಬಿಗಿಯಾಯಿತು. ಹೋದವರಲ್ಲಿ ಅವರ ಗಂಡಂದಿರು, ಮಕ್ಕಳು ಇದ್ದರು.

ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ತೋಟದ ಮಾಲೀಕರು ತಮ್ಮ ಟ್ರ್ಯಾಕ್ಟರ್ ತರುತ್ತೇನೆ ಎಂದರು. ಲೈನ್‌ಮ್ಯಾನ್ ಅದರ ಟ್ರೇಲರಿಗೆ ಬ್ಯಾಟರಿ, ಇನ್ವರ್ಟರ್ ಕಟ್ಟಿ ಎರಡು ಸೀರಿಯಲ್ ಸೆಟ್ ಸುತ್ತಿದರು. ಹಿಮದಲ್ಲಿ ಬಿದ್ದಿದ್ದ ಮಾಲೆ ಅದಕ್ಕೇ ಆಯಿತು. ಸಾಂತಾ ಟ್ರ್ಯಾಕ್ಟರಿನಲ್ಲಿ ಬಂದರು. ಮಕ್ಕಳು ಅದನ್ನು ಒಂದು ಕ್ಷಣವೂ ಪ್ರಶ್ನೆ ಮಾಡಲಿಲ್ಲ. ಕ್ರಿಸ್ಮಸ್ ಮರದ ದೀಪದ ಸ್ವಿಚ್ ಒತ್ತುವ ಗೌರವವನ್ನು ಈ ಸಲ ಹಿಮ ತೆಗೆಯುವ ಗಾಡಿಯ ಡ್ರೈವರಿಗೆ ಕೊಟ್ಟಿದ್ದರು. ಅವರು ಗಾಡಿ ನಿಲ್ಲಿಸಿ ಇಳಿದು ಬಂದರು, ಸ್ವಿಚ್ ಒತ್ತಿದರು, ಎಲ್ಲರ ಚಪ್ಪಾಳೆ ಮುಗಿಯುವ ಮೊದಲೇ ಮತ್ತೆ ಗಾಡಿ ಹತ್ತಿ ಹೊರಟರು.

ಏಳು ಗಂಟೆಯ ಹೊತ್ತಿಗೆ ಅಗ್ನಿಶಾಮಕದ ಗಾಡಿ ವಾಪಸು ಬಂತು. ಕಾರಿನಲ್ಲಿದ್ದ ಯಾರಿಗೂ ಪೆಟ್ಟಾಗಿರಲಿಲ್ಲ, ಹೆದರಿದ್ದರು ಅಷ್ಟೇ. ಗಂಡ, ಹೆಂಡತಿ, ಎರಡು ಪುಟ್ಟ ಮಕ್ಕಳು. ಕಾರು ಎಳೆಯುವ ಗಾಡಿ ಬರುವುದು ತಡವಾಗುತ್ತದೆಂದು ಅವರನ್ನೂ ಭವನಕ್ಕೆ ಕರೆತಂದಿದ್ದರು. ಅಜ್ಜಿ ಅವರಿಗೆ ಕುರ್ಚಿ ತೋರಿಸಿ, ಬಟ್ಟಲು ಮುಂದಿಟ್ಟರು. ಸಾಂತಾ ಇನ್ನೂ ಅಲ್ಲೇ ಇದ್ದರು. ಆ ಮಕ್ಕಳು ಕಣ್ಣರಳಿಸಿ ನೋಡುತ್ತಾ ಕೂತಿದ್ದವು. ನನ್ನ ಪಕ್ಕ ಕೂತು ಊಟ ಮಾಡುತ್ತಿದ್ದ ಅಗ್ನಿಶಾಮಕದ ಹುಡುಗನ ಕೈಬೆರಳು ಚಳಿಗೆ ಚಮಚ ಹಿಡಿಯಲಾರದಷ್ಟು ಮರಗಟ್ಟಿದ್ದವು. ಅವನು ಬಟ್ಟಲನ್ನೇ ಎರಡೂ ಕೈಯಲ್ಲಿ ಹಿಡಿದು ಕುಡಿದ.

ಈ ಜನರ ಬಗ್ಗೆ ನನಗೆ ಹೆಮ್ಮೆಯೂ ಇದೆ, ಚಿಂತೆಯೂ ಇದೆ. ಏಣಿ ಹತ್ತುವವರಿಗೆಲ್ಲ ವಯಸ್ಸಾಗುತ್ತಿದೆ. ಊರಿನ ಮನೆಗಳು ಒಂದೊಂದಾಗಿ ವಾರಾಂತ್ಯಕ್ಕೆ ಬರುವವರ ಪಾಲಾಗುತ್ತಿವೆ, ಇಲ್ಲವೇ ಪ್ರವಾಸಿಗಳಿಗೆ ಬಾಡಿಗೆಗೆ ಹೋಗುತ್ತಿವೆ. ಶಾಲೆಯ ಟೀಚರು, ಆಂಬ್ಯುಲೆನ್ಸ್ ಓಡಿಸುವ ಹುಡುಗರು ಮನೆ ಸಿಗದೆ ಕೆಳಗಿನ ಊರುಗಳಿಗೆ ಹೋಗುತ್ತಿದ್ದಾರೆ. ಕಿಟಕಿಯಲ್ಲಿ ಬೆಳಕಿಲ್ಲದ ಮನೆ ಜಾಸ್ತಿಯಾದರೆ ಸೂರಿಗೆ ದೀಪ ಕಟ್ಟುವವರು ಎಲ್ಲಿಂದ ಬರಬೇಕು? ಪೇಜರ್ ಕೂಗಿದಾಗ ಓಡುವವರು ಯಾರು? ನಮ್ಮ ಬೆಟ್ಟದ ಊರುಗಳನ್ನು ಪ್ರೀತಿಸಿ ಇಲ್ಲಿ ಮನೆ ಕೊಳ್ಳುವವರು ಇದನ್ನೂ ಸ್ವಲ್ಪ ಯೋಚಿಸಬೇಕು. ಹೋದ ಸಲ ಹಾಗೆ ವಾರಾಂತ್ಯಕ್ಕೆ ಬರುವ ಒಂದು ಮನೆಯವರು ತಾವಾಗೇ ಬಂದು ಏಣಿ ಹಿಡಿದರು. ನನಗೆ ತುಂಬಾ ಸಂತೋಷವಾಯಿತು.

ಜನವರಿಯಲ್ಲಿ ದೀಪ ಇಳಿಸುವ ದಿನ ಬರುವವರು ಕಟ್ಟುವಾಗ ಬಂದವರ ಅರ್ಧವೂ ಇರುವುದಿಲ್ಲ. ಹಾಡಿಲ್ಲ, ಸೂಪಿಲ್ಲ. ಪ್ರತಿ ಸರವನ್ನೂ ಒಣಗಿಸಿ, ರಟ್ಟಿಗೆ ಸುತ್ತಿ, ಯಾವ ಕಟ್ಟಡದ ಯಾವ ಬದಿಯದು ಅಂತ ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಬೇಕು. ಈ ವರ್ಷ ಚೀಟಿ ಬರೆಯುವ ಕೆಲಸ ನನ್ನದಾಗಿತ್ತು. ಎಲ್ಲ ಮುಗಿದ ಮೇಲೆ ಲೈನ್‌ಮ್ಯಾನ್ ಮುಂದಿನ ವರ್ಷದ ಕೆಲಸದ ಪಟ್ಟಿಯನ್ನು ನನ್ನ ಕಡೆ ಸರಿಸಿದರು. ಪೋಸ್ಟ್ ಆಫೀಸಿನ ಸೂರು ಅಂತ ಬರೆದಿದ್ದ ಸಾಲಿನಲ್ಲಿ ಅಷ್ಟು ವರ್ಷವೂ ಅವರ ಹೆಸರೇ ಇತ್ತು. ಮೊಣಕಾಲು ನೋವು ಎಂದರು. ಅವರಿಂದ ಪೆನ್ನು ಇಸಿದುಕೊಂಡು ಅಲ್ಲಿ ನನ್ನ ಹೆಸರು ಬರೆದೆ. ಕೆಳಗಿನ ಸಾಲಿನಲ್ಲಿ, ಏಣಿ ಹಿಡಿಯುವವರು ಅನ್ನುವುದರ ಮುಂದೆ, ಅವರು ತಮ್ಮ ಹೆಸರು ಬರೆದರು.